ಅಪ್ಪನ ನಾಲಿಗೆ

ಮಾರ್ಚ್ ನಾಲ್ಕನೇ ತಾರೀಖು, ಮಂಗಳವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಹದಿನೈದು ವರ್ಷದ ಹುಡುಗಿಯೊಬ್ಬಳು ಈಜುಕೊಳದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಮೇಲೆ ಹತ್ತಲಾರದೆ ನಿಂತುಬಿಟ್ಟಳು. ಪಕ್ಕದ ಸಾಲಿನವರು ಗೋಡೆ ಮುಟ್ಟಿ, ತಿರುಗಿ, ಮತ್ತೆ ಹೊರಟರು. ಇವಳು ಕದಲಲಿಲ್ಲ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ನೀರಿನ ನೀಲಿ ಬಣ್ಣವೆಲ್ಲ ಬೂದಿಯಾಗಿ ಕಾಣುತ್ತಿತ್ತು.

"ಏನಮ್ಮಾ, ನೆಂಟರ ಮನೆಗೆ ಬಂದ ಹಾಗೆ ನಿಂತಿದೀಯ? ಹತ್ತು ಮೇಲೆ" ಎಂದರು ಕೋಚ್.

"ಆಗ್ತಿಲ್ಲ ಮೇಡಂ."

ಕೋಚ್ ಬಗ್ಗಿ ಅವಳ ಎರಡೂ ರಟ್ಟೆ ಹಿಡಿದು ಮೇಲಕ್ಕೆಳೆದುಕೊಂಡರು. ಬೆಂಚಿನ ಮೇಲೆ ಕೂರಿಸಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಕೆಂಪಗಿರಬೇಕಾದ ಕಡೆ ಬಿಳಿಚಿಕೊಂಡಿತ್ತು.

"ಬೆಳಿಗ್ಗೆ ಏನ್ ತಿಂದೆ?"

"ಟೀ ಕುಡಿದೆ."

"ಟೀ ತಿನ್ನೋ ವಸ್ತು ಅಲ್ಲ. ನಿನ್ನೆ ಸಾಯಂಕಾಲ?"

ಹುಡುಗಿ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳತೊಡಗಿದಳು. ನಿನ್ನೆ ಸಾಯಂಕಾಲ ಅವಳು ತಿಂದದ್ದು ಖಾರದ ಪುಡಿ ಉದುರಿಸಿದ, ನಿಂಬೆರಸ ಹಿಂಡಿದ ಒಂದು ದೊಡ್ಡ ಪೊಟ್ಟಣ ಚಿಪ್ಸು. ಆಮೇಲೆ ಮನೆಯಲ್ಲಿ ಎರಡು ತುತ್ತು ಅನ್ನ.

ಮರುದಿನ ರಕ್ತ ಪರೀಕ್ಷೆಯಾಯಿತು. ಹಿಮೋಗ್ಲೋಬಿನ್ ಒಂಬತ್ತು ಪಾಯಿಂಟ್ ಎರಡು. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟು, ಸೊಪ್ಪು, ಕಾಳು, ಮೊಟ್ಟೆ, ಮೀನು ತಿನ್ನಿಸಿ ಎಂದರು. ಕೋಚ್ ಹೇಳಿದ್ದು ಇನ್ನೂ ನೇರವಾಗಿತ್ತು.

"ಜೂನ್ ಎರಡನೇ ವಾರ ಈಜು ಶಿಬಿರ. ನಿನ್ನ ವೇಗಕ್ಕೆ ಜಾಗ ಆಗಲೇ ಸಿಕ್ಕಿದೆ, ಅದರ ಚಿಂತೆ ನಂಗಿಲ್ಲ. ಆದ್ರೆ ಅಲ್ಲಿನ ಡಾಕ್ಟರು ಹನ್ನೆರಡಕ್ಕಿಂತ ಕಡಿಮೆ ಇರೋರನ್ನ ನೀರಿಗೆ ಇಳಿಸಲ್ಲ. ನಾನು ಕೈಮುಗಿದ್ರೂ ಇಳಿಸಲ್ಲ. ರಕ್ತ ಮಾತ್ರ ಯಾರ ಹತ್ರಾನೂ ಕಡ ತರೋಕಾಗಲ್ಲ, ತಿಳೀತಾ?"

ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕಪ್ಪೆ ಎಂದೇ. ಎರಡು ವರ್ಷದವಳಿದ್ದಾಗ ಸ್ನಾನದ ತೊಟ್ಟಿಯಿಂದ ಎತ್ತಿದರೆ ಸಾಕು, ಮನೆ ಹಾರಿಹೋಗುವಂತೆ ಕಿರುಚುತ್ತಿದ್ದಳಂತೆ. ಆ ಹೆಸರಿಟ್ಟವಳು ಅಜ್ಜಿ.

ಕಪ್ಪೆಯ ಅಪ್ಪ ಒಂದು ಟೀ ಕಂಪನಿಯಲ್ಲಿ ರುಚಿ ನೋಡುವವನು. ಬೇರೆ ಬೇರೆ ತೋಟದ, ಬೇರೆ ಬೇರೆ ತಿಂಗಳ ಎಲೆಗಳನ್ನು ಸವಿದು, ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಿದರೆ ವರ್ಷವಿಡೀ ಪೊಟ್ಟಣದ ರುಚಿ ಒಂದೇ ತೆರನಾಗಿರುತ್ತದೆ ಎಂದು ಹೇಳುವುದು ಅವನ ಕೆಲಸ. ಕೆಲಸಕ್ಕೆ ಸೇರಿದ ಮೊದಲ ದಿನ, ಅವನಿಗೆ ಕಲಿಸಿದ ಹಿರಿಯ ರುಚಿಗಾರರು ಒಂದು ಮಾತು ಹೇಳಿದ್ದರು: ಖಾರ, ಹುಳಿ, ಈರುಳ್ಳಿ, ಬೆಳ್ಳುಳ್ಳಿ ನಿನ್ನ ಪಾಲಿಗೆ ಇನ್ನು ಇಲ್ಲ. ಅಂದಿನಿಂದ ಹತ್ತೊಂಬತ್ತು ವರ್ಷ ಅಪ್ಪ ಆ ಮಾತು ಮೀರಿರಲಿಲ್ಲ. ಮೂರನೇ ಮಹಡಿಯ ಆ ಪುಟ್ಟ ಮನೆಯ ಅಡುಗೆಮನೆಯೂ ಮೀರಿರಲಿಲ್ಲ. ಅಲ್ಲಿ ಬೇಳೆ ಬೇಯುತ್ತಿತ್ತು, ಉಪ್ಪು ಬೀಳುತ್ತಿತ್ತು, ಅಷ್ಟೇ. ಒಗ್ಗರಣೆ ಎಂದರೆ ಎರಡು ಚಮಚ ಎಣ್ಣೆ ಮತ್ತು ಒಂದಿಷ್ಟು ಜೀರಿಗೆ. ಊಟದ ಮೇಜಿನ ಮಧ್ಯೆ ಮಾತ್ರ ಯಾವಾಗಲೂ ಒಂದು ಪಿಂಗಾಣಿ ಕುಡಿಕೆ ತುಂಬ ಟೀ. ತಿಂಡಿಗೂ ಟೀ, ಊಟಕ್ಕೂ ಟೀ. ಅದನ್ನು ಬಗ್ಗಿಸುವುದು ಅಪ್ಪ ಒಬ್ಬನೇ. ಬೇರೆ ಯಾರಾದರೂ ಕುಡಿಕೆ ಮುಟ್ಟಿದರೆ ಎಲೆ ಕದಡುತ್ತದೆ.

ಆ ವಾರವೇ ಮನೆಯಲ್ಲಿ ಕಾವಲು ಶುರುವಾಯಿತು. ಅಮ್ಮ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಬರುವುದು ಎಂಟಕ್ಕೆ. ಕಪ್ಪೆ ಕೊಳಕ್ಕೆ ಹೊರಡುವ ಮುಂಚೆಯೇ ಸೊಪ್ಪು ಬೇಯಿಸಿ, ಕಾಳು ಬೇಯಿಸಿ ಡಬ್ಬಿಗೆ ತುಂಬುತ್ತಿದ್ದಳು. ಮಾತ್ರೆ ಕೊಡುವ ಹೊಣೆ ಅಪ್ಪನದು. ಸಂಜೆ ಡಬ್ಬಿ ತೆರೆದು ನೋಡುವ ಹೊಣೆ ಅಜ್ಜಿಯದು.

"ಏನಮ್ಮಾ ಕಪ್ಪೆ, ಇವತ್ತೂ ಖಾಲಿ?" ಅಜ್ಜಿ ಮುಚ್ಚಳ ಮೂಸಿ ನೋಡುತ್ತಿದ್ದಳು.

"ಖಾಲಿ."

"ಒಂದು ಕಾಳೂ ಬಿಟ್ಟಿಲ್ಲ?"

"ಬಿಟ್ಟಿದ್ರೆ ಕಾಣ್ತಿರಲಿಲ್ವಾ? ಕನ್ನಡಕ ಹಾಕ್ಕೋ ಅಜ್ಜಿ. ಸೊಸೇನೇ ಮಾಡಿಕೊಟ್ಟಿದಾಳೆ."

"ನಾಲಿಗೆ ನೋಡು ಇದರದ್ದು! ಸೊಪ್ಪು ಕೆಲಸ ಮಾಡ್ತಿದೆ."

ರಾತ್ರಿಯೂಟದ ಕಥೆ ಬೇರೆ. ಎಲ್ಲರ ಎದುರು ಕಪ್ಪೆ ಬೆಂದ ಸೊಪ್ಪನ್ನು ತಟ್ಟೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತಾ ಅರ್ಧ ಗಂಟೆ ಕಳೆಯುತ್ತಿದ್ದಳು.

"ಅದು ತಿನ್ನೋಕೆ ಕೊಟ್ಟಿರೋದು, ಮೇಯಿಸೋಕಲ್ಲ" ಎನ್ನುತ್ತಿದ್ದಳು ಅಮ್ಮ.

"ಗಂಟಲಲ್ಲಿ ಇಳೀಬೇಕಲ್ಲ."

"ಚಿಪ್ಸ್ ಹೇಗೆ ಇಳಿಯತ್ತೆ?"

"ಅದಕ್ಕೆ ರುಚಿ ಇರತ್ತೆ."

ಅಪ್ಪ ಮಧ್ಯೆ ಬಾಯಿ ಹಾಕುತ್ತಿದ್ದ. "ಇದಕ್ಕೂ ರುಚಿ ಇದೆ ಪುಟ್ಟಾ. ಸಾವಧಾನವಾಗಿ ಅಗಿ. ಮೊದಲು ಹಸಿರು ವಾಸನೆ, ಆಮೇಲೆ ಸಣ್ಣ ಸಿಹಿ, ಕೊನೇಲಿ ಮಣ್ಣಿನ ಒಂದು ಛಾಯೆ..."

"ಅಪ್ಪ, ನಂಗೆ ಮಣ್ಣು ತಿನ್ನೋ ಆಸೆ ಇಲ್ಲ."

ಅಜ್ಜಿ ನಗು ತಡೆಯಲಾರದೆ ಎದ್ದು ನೀರು ತರಲು ಹೋದಳು.

ಏಪ್ರಿಲ್ ಐದಕ್ಕೆ ಮತ್ತೆ ಪರೀಕ್ಷೆ. ಅಪ್ಪ ಬಲು ಧೈರ್ಯದಿಂದ ಮಗಳನ್ನು ಕರೆದುಕೊಂಡು ಹೋದ. ಒಂದು ತಿಂಗಳು ಡಬ್ಬಿ ಖಾಲಿಯಾಗಿತ್ತು, ಮಾತ್ರೆ ಒಂದೂ ತಪ್ಪಿರಲಿಲ್ಲ. ಫಲಿತಾಂಶ ಒಂಬತ್ತು ಪಾಯಿಂಟ್ ಐದು.

ಡಾಕ್ಟರು ಹಾಳೆಯನ್ನು ಎರಡು ಸಲ ನೋಡಿದರು. "ಮಾತ್ರೆ ಬಿಟ್ಟುಬಿಟ್ಟು ತಗೊಂಡ್ರಾ?"

"ಇಲ್ಲ ಡಾಕ್ಟ್ರೇ. ನಾನೇ ಕೈಯಾರೆ ಕೊಡ್ತೀನಿ" ಎಂದ ಅಪ್ಪ.

"ಯಾವಾಗ?"

"ಬೆಳಿಗ್ಗೆ, ಕೊಳಕ್ಕೆ ಹೊರಡೋ ಮುಂಚೆ. ಟೀ ಜೊತೆ."

ಡಾಕ್ಟರ ಪೆನ್ನು ನಿಂತಿತು. "ಊಟದ ಜೊತೆಗೂ ಟೀ ಕುಡೀತಾಳಾ?"

"ಕುಡೀತಾಳೆ. ನಮ್ಮ ಮನೇಲಿ ಒಳ್ಳೇ ಟೀ ಡಾಕ್ಟ್ರೇ, ಹೊರಗಡೆ ಸಿಗೋ ಅಂಥದ್ದಲ್ಲ. ಬಣ್ಣ ಇರತ್ತೆ, ಗಟ್ಟಿ ಇರತ್ತೆ, ಬಾಯಿ ಹಿಡಿಯೋ ಅಂಥ ಒಗರು..."

ಅಲ್ಲಿಗೆ ಅಪ್ಪನೇ ಮಾತು ನಿಲ್ಲಿಸಿದ. ಅವನ ಮುಖ ನೋಡುತ್ತಿದ್ದ ಕಪ್ಪೆಗೆ ಏನೋ ಆಗಿದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ.

"ನಮ್ಮ ರುಚಿ ನೋಡೋ ಕೋಣೇಲಿ ಕಬ್ಬಿಣದ ಪಾತ್ರೆ ಒಳಗೇ ಬಿಡಲ್ಲ" ಎಂದ ಅಪ್ಪ ಮೆಲ್ಲಗೆ.

"ಯಾಕೆ?" ಡಾಕ್ಟರು ಕೇಳಿದ ರೀತಿಯಲ್ಲೇ ಅವರಿಗೆ ಉತ್ತರ ಗೊತ್ತಿದ್ದದ್ದು ತಿಳಿಯುತ್ತಿತ್ತು.

"ಟೀ ಮಸಿ ಥರ ಕಪ್ಪಾಗತ್ತೆ. ಒಗರು ಇದೆಯಲ್ಲ, ಅದು ಕಬ್ಬಿಣಾನ ಹಿಡ್ಕೊಂಡ್ರೆ ಬಿಡಲ್ಲ. ಹೊಸಬರು ಸೇರಿದಾಗ ಮೊದಲನೇ ದಿನ ನಾನೇ ಮಾಡಿ ತೋರಿಸ್ತೀನಿ. ಒಂದು ಮೊಳೆ ಹಾಕಿ."

"ಹೊಟ್ಟೆ ಒಳಗೂ ಅದೇ ಕಥೆ" ಎಂದರು ಡಾಕ್ಟರು. "ಮಾತ್ರೇನೂ ಹಿಡ್ಕೊಳತ್ತೆ, ಸೊಪ್ಪಿನಲ್ಲಿರೋದನ್ನೂ ಹಿಡ್ಕೊಳತ್ತೆ. ರಕ್ತಕ್ಕೆ ಹೋಗೋಕೆ ಬಿಡಲ್ಲ. ಊಟಕ್ಕೂ ಟೀಗೂ ಎರಡು ಗಂಟೆ ಅಂತರ ಇರಲಿ. ಮಾತ್ರೆ ನಿಂಬೆ ನೀರಿನ ಜೊತೆ. ಸೊಪ್ಪಿನ ಮೇಲೂ ನಿಂಬೆಹಣ್ಣು ಹಿಂಡಿ, ಮೈಗೆ ಚೆನ್ನಾಗಿ ಹತ್ತತ್ತೆ."

"ನಿಂಬೆಹಣ್ಣು" ಎಂದ ಅಪ್ಪ, ಇಲಿ ಪಾಷಾಣದ ಹೆಸರು ಕೇಳಿದವನ ಹಾಗೆ.

ಬಸ್ ನಿಲ್ದಾಣದಲ್ಲಿ ಅಪ್ಪ, "ಮೊಳೆ ಹಾಕಿ ತೋರಿಸ್ತೀನಿ ಕಣೇ ನಾನು, ಮೊಳೆ ಹಾಕಿ" ಎಂದ.

"ಹೋಗ್ಲಿ ಬಿಡಪ್ಪ. ನಾನೇನು ಮೊಳೆಯಾ?" ಎಂದಳು ಕಪ್ಪೆ.

ಅಂದಿನಿಂದ ಊಟದ ಮೇಜಿನ ಮೇಲಿನ ಟೀ ಕುಡಿಕೆ ಕಪಾಟು ಸೇರಿತು. ಟೀ ಸಮಯ ಬೇರೆ, ಊಟದ ಸಮಯ ಬೇರೆ ಆಯಿತು. ಆದರೆ ನಿಂಬೆಹಣ್ಣಿನ ವಿಷಯದಲ್ಲಿ ಅಪ್ಪ ಅರ್ಧ ಮಾತ್ರ ಬಗ್ಗಿದ. ಅದು ಮನೆಯೊಳಗೆ ಬರಕೂಡದು, ಬಾಲ್ಕನಿಯಲ್ಲಿ ಹಿಂಡಿಕೊಂಡು ಅಲ್ಲೇ ಕುಡಿದು ಬರಬೇಕು. ಕಪ್ಪೆ ಪ್ರತಿದಿನ ಬೆಳಿಗ್ಗೆ ಕತ್ತಲಲ್ಲೇ ಬಾಲ್ಕನಿಗೆ ಹೋಗಿ, ಬಾಗಿಲು ಎಳೆದುಕೊಂಡು, ಮಾತ್ರೆ ನುಂಗಿ ಬರುತ್ತಿದ್ದಳು. ಎದುರು ಮನೆಯವರು ಅಜ್ಜಿಯನ್ನು ಕೇಳಿದರು: "ನಿಮ್ಮ ಮೊಮ್ಮಗಳು ಬೀಡಿಗೀಡಿ ಸೇದ್ತಾಳಾ?"

ಅದಾಗಿ ಒಂದು ವಾರಕ್ಕೆ ಕೋಚ್ ಅಮ್ಮನಿಗೆ ಫೋನ್ ಮಾಡಿದರು. ಅಮ್ಮ ಆಗತಾನೇ ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಫೋನಿನ ಧ್ವನಿ ಜೋರಾಗಿತ್ತು, ಎಲ್ಲರಿಗೂ ಕೇಳಿಸುತ್ತಿತ್ತು.

"ಮೊದಲು ನಿಮಗೆ ಥ್ಯಾಂಕ್ಸ್ ಹೇಳ್ಬೇಕು. ಒಂದು ತಿಂಗಳಿಂದ ಡಬ್ಬಿ ಕಳಿಸ್ತಿದೀರಿ. ನಾನು ಒಂಟಿ ಹೆಂಗಸು, ಅಡುಗೆ ಮಾಡ್ಕೊಳ್ಳೋಕೆ ಬೇಜಾರು, ನಂಗೆ ತುಂಬಾ ಅನುಕೂಲ ಆಗಿದೆ. ಆದ್ರೆ ತಪ್ಪು ತಿಳ್ಕೋಬೇಡಿ, ಸ್ವಲ್ಪ ಖಾರ ಹಾಕಬಾರದಾ?"

ಅಮ್ಮ ಒಂದು ಕಾಲಿನಲ್ಲಿ ಚಪ್ಪಲಿ ಇಟ್ಟುಕೊಂಡೇ ನಿಂತಿದ್ದಳು. "ನಿಮಗಾ?"

"ಹೂಂ. ಅಮ್ಮ ನಿಮಗೋಸ್ಕರ ಕೊಟ್ಟಿದಾರೆ ಮೇಡಂ ಅಂತ ದಿನಾ ತಂದುಕೊಡ್ತಾಳಲ್ಲ."

ಅಮ್ಮ ಫೋನ್ ಇಟ್ಟಳು. ಎಲ್ಲರೂ ಒಟ್ಟಿಗೇ ಮಾತಾಡಿದರು.

"ಒಂದು ತಿಂಗಳು! ಐದು ಗಂಟೆಗೆ ಎದ್ದು ಬೇಯಿಸಿದೀನಿ ನಾನು!"

"ನಾನು ಮುಚ್ಚಳ ಮೂಸಿ ಮೂಸಿ ನೋಡಿದೀನಲ್ಲೇ!" ಎಂದಳು ಅಜ್ಜಿ.

"ಮೇಡಂ ರಕ್ತ ಚೆನ್ನಾಗಾಗಿದೆ, ಅಷ್ಟಾದ್ರೂ ಸಮಾಧಾನ ಮಾಡ್ಕೊಳ್ಳಿ" ಎಂದಳು ಕಪ್ಪೆ. ಹೇಳಿದ ಕೂಡಲೇ ಹೇಳಬಾರದಿತ್ತು ಎಂದು ಅವಳಿಗೇ ಅನ್ನಿಸಿತು. ಅಮ್ಮನ ಕಣ್ಣಲ್ಲಿ ನೀರಿತ್ತು.

"ತಮಾಷೆ ಅಲ್ಲ ಕಣೇ. ಶಿಬಿರಕ್ಕೆ ಹೋಗೋದು ನೀನು. ನಾವಲ್ಲ. ಮನೆ ಊಟ ತಿನ್ನೋಕೆ ಏನು ರೋಗ ನಿಂಗೆ?"

"ನೀನು ತಿಂತೀಯಾ ಅಮ್ಮ?"

"ಏನಂದೆ?"

"ಅಂಗಡೀಲಿ ನಿನ್ನ ಮೇಜಿನ ಕೆಳಗಿನ ಡ್ರಾಯರು. ಗಾಜು ಒರೆಸೋ ಬಟ್ಟೆ ಹಿಂದೆ. ಕೆಂಪು ಮೆಣಸಿನ ಸಾಸ್ ಬಾಟಲಿ. ಅರ್ಧ ಖಾಲಿಯಾಗಿತ್ತು."

ಅಪ್ಪ ನಿಧಾನವಾಗಿ ಅಮ್ಮನ ಕಡೆ ತಿರುಗಿದ.

"ಅದು... ಎಲ್ಲರೂ ಹಾಕ್ಕೊಳ್ತಾರೇರಿ, ಅಂಗಡೀಲಿ. ಎರಡು ಹನಿ" ಎಂದಳು ಅಮ್ಮ.

"ಎಷ್ಟು ವರ್ಷದಿಂದ?"

"ಇವಳು ಹುಟ್ಟೋ ಮುಂಚಿಂದ."

ಅಪ್ಪ ತನ್ನ ತಾಯಿಯ ಕಡೆ ನೋಡಿದ. ಅಜ್ಜಿ ಸೀರೆ ಸೆರಗು ಸರಿಮಾಡಿಕೊಂಡಳು. "ನನ್ನ ಯಾಕಪ್ಪ ನೋಡ್ತೀಯ? ಎದುರು ಮನೆಯೋರು ಮಧ್ಯಾಹ್ನ ಊಟಕ್ಕೆ ಕರೀತಾರೆ. ಕರೆದ ಮೇಲೆ ಹೋಗದೇ ಇದ್ರೆ ಚೆನ್ನಾಗಿರತ್ತಾ?"

"ದಿನಾ ಕರೀತಾರಾ?"

"ಅವರದ್ದು ಒಳ್ಳೇ ಮನಸ್ಸು."

ಅಪ್ಪ ಕುರ್ಚಿಯಲ್ಲಿ ಕುಳಿತ. ಆ ಮನೆಯ ಊಟವನ್ನು ನಿಜವಾಗಿ ತಿನ್ನುತ್ತಿದ್ದವನು ತಾನೊಬ್ಬನೇ ಎಂಬುದು ಅವನಿಗೆ ಅಂದು ತಿಳಿಯಿತು.

"ಈ ನಾಲಿಗೆಯಿಂದಾನೇ ಕಣ್ರೀ ಈ ಮನೇಲಿ ಅನ್ನ ಬೇಯೋದು" ಎಂದ. ಸಿಟ್ಟಿನಿಂದ ಶುರುವಾದ ಮಾತು ಮುಗಿಯುವ ಹೊತ್ತಿಗೆ ಸೋತಿತ್ತು. "ಇದು ಕೆಟ್ರೆ ನಾನು ಏನು ಮಾಡ್ಲಿ?"

"ಕೆಡತ್ತೆ ಅಂತ ಯಾರು ಹೇಳಿದ್ದು?" ಕಪ್ಪೆ ಕೇಳಿದಳು.

"ನನಗೆ ಕಲಿಸಿದವರು."

"ಅವರು ಪರೀಕ್ಷೆ ಮಾಡಿ ನೋಡಿದ್ರಾ?"

"ಅದೆಲ್ಲ ಅನುಭವ."

"ನನ್ನ ರಕ್ತಕ್ಕೆ ಎರಡು ಸಲ ಪರೀಕ್ಷೆ ಆಯ್ತು. ನಿನ್ನ ನಾಲಿಗೆಗೆ ಹತ್ತೊಂಬತ್ತು ವರ್ಷದಲ್ಲಿ ಒಂದು ಸಲಾನಾದ್ರೂ ಆಗಿದೆಯಾ ಅಪ್ಪ?"

ಅಜ್ಜಿ, "ನಿಜ ಕಣೋ. ಅವಳು ಸೂಜಿ ಚುಚ್ಚಿಸ್ಕೊಂಡ್ಳು, ನೀನು ಚೂರು ನಿಂಬೆಹಣ್ಣು ನೆಕ್ಕೋಕೆ ಹೆದರ್ತೀಯ" ಎಂದಳು.

ಮೂರನೆಯ ದಿನ ಸಂಜೆ ಅಪ್ಪ ಚೀಲದಲ್ಲಿ ಒಂದು ಡಜನ್ ನಿಂಬೆಹಣ್ಣು, ಹಸಿಮೆಣಸು, ಒಂದು ಗಡ್ಡೆ ಬೆಳ್ಳುಳ್ಳಿ ತಂದು ಮೇಜಿನ ಮೇಲೆ ಸುರಿದ. ಮೈದಾನಕ್ಕಿಳಿದವನ ಗತ್ತು ಅವನಲ್ಲಿತ್ತು.

"ಸರಿಯಾಗಿ ಮಾಡೋಣ. ಒಂದು ರಾತ್ರಿ ನನ್ನ ಮಾಮೂಲಿ ಊಟ. ಇನ್ನೊಂದು ರಾತ್ರಿ ಖಾರ, ನಿಂಬೆ. ಮತ್ತೊಂದು ರಾತ್ರಿ ಬೆಳ್ಳುಳ್ಳಿ ಬರೀದು. ಎಲ್ಲಾ ಬೆರೆಸಿದ್ರೆ ಯಾವುದು ಕೆಡಿಸ್ತು ಅಂತ ಗೊತ್ತಾಗಲ್ಲ. ಮಾರನೇ ಬೆಳಿಗ್ಗೆ ಕೋಣೇಲಿ ಆರು ಥರ ಟೀ, ಒಂದೊಂದೂ ಎರಡೆರಡು ಬಟ್ಟಲು. ಜೋಡಿ ಹುಡುಕಬೇಕು. ಬಟ್ಟಲು ನಾನು ಜೋಡಿಸಲ್ಲ, ಅಲ್ಲಿ ಕೆಲಸ ಮಾಡೋ ಅಕ್ಕ ಜೋಡಿಸ್ತಾರೆ. ತಳಕ್ಕೆ ಚೀಟಿ ಅಂಟಿಸಿರ್ತಾರೆ."

"ಮೋಸ ಮಾಡ್ಬಾರ್ದು" ಎಂದಳು ಕಪ್ಪೆ.

"ನೀನೇ ಬಂದು ನೋಡು."

ಶಾಲೆಗೆ ಬೇಸಿಗೆ ರಜೆ ಬಿದ್ದಿತ್ತು. ಕಪ್ಪೆ ಮೂರು ಬೆಳಿಗ್ಗೆಯೂ ಕೊಳದಿಂದ ನೇರವಾಗಿ, ಒದ್ದೆ ಜಡೆಯಲ್ಲೇ ಕಂಪನಿಗೆ ಹೋದಳು. ಉದ್ದನೆಯ ಮೇಜು, ಬಿಳಿ ಬಟ್ಟಲುಗಳ ಸಾಲು, ಉತ್ತರದ ಕಿಟಕಿಯಿಂದ ಬರುವ ನೆರಳಿಲ್ಲದ ಬೆಳಕು. ಅಪ್ಪ ಏಪ್ರನ್ ಕಟ್ಟಿಕೊಂಡು ಚಮಚದಿಂದ ಸುರ್ರೆಂದು ಟೀ ಎಳೆದುಕೊಳ್ಳುತ್ತಿದ್ದ. ಬಾಯಲ್ಲಿ ಒಂದು ಸುತ್ತು ಹೊರಳಿಸಿ, ಪಕ್ಕದ ಪೀಕದಾನಿಗೆ ಪುಳಕ್ಕನೆ ಉಗುಳಿ, ಮುಂದಿನ ಬಟ್ಟಲಿಗೆ ಸರಿಯುತ್ತಿದ್ದ. ಮನೆಯಲ್ಲಿ ಹೀಗೆ ಸದ್ದು ಮಾಡಿದರೆ ಅಜ್ಜಿ ಬೈಯುತ್ತಿದ್ದಳು. ಇಲ್ಲಿ ಅವನು ಬೇರೆಯೇ ಮನುಷ್ಯನಾಗಿ ಕಂಡ. ಕಪ್ಪೆ ಅವನನ್ನು ಕೆಲಸ ಮಾಡುವಾಗ ನೋಡಿದ್ದು ಅದೇ ಮೊದಲು.

ಮಾಮೂಲಿ ಊಟದ ಮರುದಿನ ಆರೂ ಜೋಡಿ ಸರಿಯಾದವು. ಎರಡನೆಯ ರಾತ್ರಿ ಕಪ್ಪೆಯೇ ಅಡುಗೆ ಮಾಡಿದಳು. ಕಾಳಿಗೆ ಹಸಿಮೆಣಸು ಜಜ್ಜಿ ಹಾಕಿ, ಟೊಮೇಟೊ ಬೇಯಿಸಿ, ಸೊಪ್ಪಿನ ಮೇಲೆ ಒಂದಿಡೀ ನಿಂಬೆಹಣ್ಣು ಹಿಂಡಿದಳು. ಮೊದಲ ತುತ್ತಿಗೇ ಅಪ್ಪನ ಕಿವಿ ಕೆಂಪಾಯಿತು. ಮೂರನೆಯ ತುತ್ತಿಗೆ ಮೂಗು ಸೋರಿತು.

"ನೀರು ಕೊಡ್ಲಾ?" ಅಮ್ಮ ಕೇಳಿದಳು.

"ಬೇಡ... ಬೇಡ..." ಎನ್ನುತ್ತಾ ಅಪ್ಪ ಕಣ್ಣೊರೆಸಿಕೊಂಡ. ತಟ್ಟೆ ಖಾಲಿಯಾದ ಮೇಲೆ, ಯಾರ ಮುಖವನ್ನೂ ನೋಡದೆ, "ಇನ್ನೂ ಸ್ವಲ್ಪ ಇದೆಯಾ?" ಎಂದ.

ಮರುದಿನ ಬೆಳಿಗ್ಗೆ ಆರೂ ಜೋಡಿ ಸರಿ. ಅಪ್ಪ ನಂಬದೆ ಬಟ್ಟಲುಗಳನ್ನು ತಾನೇ ಎತ್ತಿ ತಳದ ಚೀಟಿ ನೋಡಿದ. ಬಟ್ಟಲು ಜೋಡಿಸುವ ಅಕ್ಕ, "ಇದೇ ಪುಣ್ಯಕ್ಕೆ ಇಷ್ಟು ವರ್ಷ ನನ್ನ ಊಟದ ಡಬ್ಬಿ ಕೋಣೆ ಹೊರಗೆ ಇಡಿಸಿದ್ರಾ ಸಾರ್?" ಎಂದು ನಕ್ಕಳು.

ಬೆಳ್ಳುಳ್ಳಿ ತಿಂದ ಮರುದಿನ ಮಾತ್ರ ಎರಡು ಜೋಡಿ ಅದಲುಬದಲಾದವು. ಅದನ್ನೂ ಅಪ್ಪ ಮುಚ್ಚಿಡಲಿಲ್ಲ, ನೆಮ್ಮದಿಯೇ ಆದಂತಿತ್ತು. ಗುರುಗಳ ಮಾತು ಪೂರ್ತಿ ಸುಳ್ಳಾಗಲಿಲ್ಲವಲ್ಲ. ಸಂಜೆ ಮೇಜಿನ ಮುಂದೆ ತೀರ್ಪು ಹೇಳಿದ: ಖಾರ ಬರಲಿ, ನಿಂಬೆ ಬರಲಿ, ಟೊಮೇಟೊ ಬರಲಿ. ಬೆಳ್ಳುಳ್ಳಿ, ಹಸಿ ಈರುಳ್ಳಿ ಶನಿವಾರ ರಾತ್ರಿ ಮಾತ್ರ, ಯಾಕೆಂದರೆ ಭಾನುವಾರ ಕೋಣೆಗೆ ರಜೆ.

"ಬಾಟಲಿ ಮನೆಗೆ ತರಬಹುದಾ ಹಾಗಾದ್ರೆ?" ಅಮ್ಮ ಕೇಳಿದಳು.

"ಅದರಲ್ಲಿ ಬೆಳ್ಳುಳ್ಳಿ ಇದೆಯೋ ನೋಡು."

"ಇದೆ."

"ಶನಿವಾರ."

ಅಷ್ಟಾದರೂ ಕಪ್ಪೆ ಒಂದೇ ದಿನದಲ್ಲಿ ಬದಲಾದಳು ಎಂದಲ್ಲ. ಮೇ ತಿಂಗಳ ಮೊದಲ ವಾರ ಅಮ್ಮನ ಅಂಗಡಿಯಲ್ಲಿ ಕೆಲಸ ಹೆಚ್ಚಾಗಿ ಅವಳು ಬರುವುದು ಒಂಬತ್ತಾಗತೊಡಗಿತು. ಅಪ್ಪ ಕಂಪನಿಯ ಹೊಸ ಬೆರಕೆಯ ಹಿಂದೆ ಬಿದ್ದಿದ್ದ. ಅಜ್ಜಿ ಎಂಟಕ್ಕೇ ಉಂಡು ಮಲಗುತ್ತಿದ್ದಳು. ಮುಚ್ಚಿಟ್ಟ ತಟ್ಟೆಯ ಮುಂದೆ ಒಬ್ಬಳೇ ಕುಳಿತ ಕಪ್ಪೆ ನಾಲ್ಕು ತುತ್ತು ತಿಂದು ಎದ್ದಳು. ಮರುದಿನ ಗೆಳತಿಯರ ಜೊತೆ ಮತ್ತೆ ಚಿಪ್ಸು. ವಾರಾಂತ್ಯಕ್ಕೆ ಅಜ್ಜಿಯೇ ಪತ್ತೆ ಹಚ್ಚಿದಳು. ಆದರೆ ಈ ಸಲ ಅವಳು ಮೊಮ್ಮಗಳನ್ನು ಬೈಯಲಿಲ್ಲ, ಮಗನನ್ನು ಹಿಡಿದುಕೊಂಡಳು.

"ಅಡುಗೆ ಚೆನ್ನಾಗಿದ್ರೆ ಸಾಕಾ? ಎದುರಿಗೆ ಗೋಡೆ ಇಟ್ಕೊಂಡು ಯಾರು ಉಣ್ತಾರೋ? ನೀನು ಚಿಕ್ಕವನಿದ್ದಾಗ ನಾನು ಪಕ್ಕದಲ್ಲಿ ಕೂರದೇ ಇದ್ರೆ ತಟ್ಟೆ ಮುಟ್ತಿದ್ಯಾ?"

"ಕೆಲಸ ಇದೆಯಲ್ಲಮ್ಮಾ."

"ಎಲೆ ಒಣಗಿರತ್ತೆ, ಕಾಯತ್ತೆ. ಹುಡುಗಿ ಕಾಯಲ್ಲ."

ಮರುದಿನದಿಂದ ಅಪ್ಪ ಏಳೂವರೆಗೆ ಮನೆಯಲ್ಲಿರುತ್ತಿದ್ದ. ಅಜ್ಜಿ ತನ್ನ ಊಟವನ್ನು ಅರ್ಧ ಗಂಟೆ ತಡ ಮಾಡಿ, ಅಪ್ಪ ತನ್ನದನ್ನು ಅರ್ಧ ಗಂಟೆ ಬೇಗ ಮಾಡಿ, ಇಬ್ಬರೂ ಕಪ್ಪೆಯ ಜೊತೆ ಕೂರತೊಡಗಿದರು. ಅಮ್ಮ ಬಂದಾಗ ಅವಳ ಜೊತೆ ಕೂರಲು ಯಾರಾದರೂ ಒಬ್ಬರು ಉಳಿದಿರುತ್ತಿದ್ದರು. ಅಡುಗೆಗೆ ಸರದಿ ಹಾಕಿಕೊಂಡರು. ಅಜ್ಜಿಯ ದಿನ ಮೀನು, ಅಪ್ಪನ ದಿನ ಮೊಟ್ಟೆ. ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಕಪ್ಪೆಯ ದಿನ ಅವಳು ಅಂಗಡಿಗೆ ತಾನೇ ಹೋಗಿ ಸೊಪ್ಪು ಆರಿಸಿ ತರುತ್ತಿದ್ದಳು.

"ಬಲಿತಿರೋದು ತಂದಿದೀಯಲ್ಲೇ" ಅಜ್ಜಿ ಕಡ್ಡಿ ಮುರಿದು ನೋಡಿದಳು.

"ಎಳೇದು ಯಾವುದು ಅಂತ ಹೇಗೆ ಗೊತ್ತಾಗತ್ತೆ?"

"ಬಾ ಇಲ್ಲಿ. ಹೀಗೆ ಬಗ್ಗಿಸು. ಟಕ್ ಅಂತ ಮುರೀಬೇಕು. ನಾರು ಬಂದ್ರೆ ದನಕ್ಕೆ."

"ಕಪ್ಪೆಗೆ?"

"ಕಪ್ಪೆಗೆ ಎಳೇದು."

ಡಬ್ಬಿಯನ್ನೂ ಈಗ ಕಪ್ಪೆಯೇ ತುಂಬಿಕೊಳ್ಳುತ್ತಿದ್ದಳು. ಅದರಲ್ಲಿ ಎರಡು ಭಾಗವಿರುತ್ತಿತ್ತು: ಒಂದು ತನಗೆ, ಒಂದು ಕೋಚಿಗೆ. ಮೊದಲ ದಿನ ಕೋಚ್ ಮುಚ್ಚಳ ತೆಗೆದು ಒಂದು ತುತ್ತು ತಿಂದು ಹುಬ್ಬು ಹಾರಿಸಿದರು.

"ಮನೇಲಿ ಅಡುಗೆಯವರು ಬದಲಾದ್ರಾ?"

"ನಿಯಮ ಬದಲಾಯ್ತು ಮೇಡಂ."

"ನಾನು ಫೋನ್ ಮಾಡಿದ್ದಕ್ಕೆ ನಿನಗೆ ಸಿಟ್ಟಿರಬೇಕು."

"ಇತ್ತು. ಈಗ ನಿಮ್ಮ ಪಾಲು ಕಡಿಮೆ ಮಾಡಿದೀನಿ, ಅಷ್ಟೇ."

ಚಿಪ್ಸು ಪೂರ್ತಿ ನಿಲ್ಲಲಿಲ್ಲ. ಶುಕ್ರವಾರ ಗೆಳತಿಯರ ಜೊತೆ ಒಂದು ಪೊಟ್ಟಣ ತಿನ್ನುತ್ತಿದ್ದಳು, ಮನೆಗೆ ಬಂದು ಹೇಳುತ್ತಿದ್ದಳು. ಅಮ್ಮ ಏನೋ ಅನ್ನಲು ಬಾಯಿ ತೆರೆದು, ಶನಿವಾರಕ್ಕೆಂದು ಮೇಜಿನ ಮೇಲೆ ಕಾದಿದ್ದ ಸಾಸ್ ಬಾಟಲಿ ಕಡೆ ನೋಡಿ, ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಮೇ ಕೊನೆಗೆ ಕಪ್ಪೆ ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲಿ ನಿಲ್ಲುವುದು ತಪ್ಪಿತ್ತು. ಅದನ್ನು ಮೊದಲು ಗಮನಿಸಿದವಳು ಅಜ್ಜಿ, ಯಾಕೆಂದರೆ ಅಲ್ಲಿ ಮೊಮ್ಮಗಳ ನೆಪದಲ್ಲಿ ತಾನೂ ನಿಂತು ಉಸಿರು ಬಿಡುವ ಅವಕಾಶ ಅವಳಿಗೆ ತಪ್ಪಿಹೋಗಿತ್ತು.

ಜೂನ್ ಏಳು, ಶನಿವಾರ. ಶಿಬಿರಕ್ಕೆ ಇನ್ನೆರಡು ದಿನ ಇತ್ತು. ಬೆಳಿಗ್ಗೆ ರಕ್ತ ಕೊಟ್ಟು ಬಂದಿದ್ದ ಕಪ್ಪೆ, ಫಲಿತಾಂಶ ತರಲು ತಾನೊಬ್ಬಳೇ ಹೋಗುತ್ತೇನೆ ಎಂದಳು.

"ಜೊತೆಗೆ ಬರ್ತೀನಿ, ರಜೆ ಹಾಕ್ತೀನಿ" ಎಂದ ಅಪ್ಪ.

"ನೀನು ಬಂದ್ರೆ ನಂಗಿಂತ ನಿನ್ನ ನೋಡ್ಕೊಳ್ಳೋದೇ ಕೆಲಸ ಆಗತ್ತೆ. ಹೋಗು ಕೆಲಸಕ್ಕೆ."

"ಕಡಿಮೆ ಬಂದ್ರೆ?"

"ಕಡಿಮೆ ಬಂದ್ರೆ ಮುಂದಿನ ವರ್ಷ ಹೋಗ್ತೀನಿ. ಊಟ ಅಂತೂ ಬಿಡಲ್ಲ. ಈಗ ಅಭ್ಯಾಸ ಕೆಟ್ಟಿದೆ" ಎಂದಳು. ಧ್ವನಿ ಗಟ್ಟಿಯಾಗಿತ್ತು. ಚಪ್ಪಲಿ ಮಾತ್ರ ಅದಲುಬದಲು ಹಾಕಿಕೊಂಡು ಹೊರಟಿದ್ದಳು. ಅಜ್ಜಿ ಬಾಗಿಲಲ್ಲಿ ನಿಲ್ಲಿಸಿ ಸರಿ ಮಾಡಿಸಿದಳು.

ಪ್ರಯೋಗಾಲಯದ ಕಿಟಕಿಯಲ್ಲಿದ್ದವರು ಲಕೋಟೆಯನ್ನು ತಳ್ಳಿದರು. ಕಪ್ಪೆ ಅದನ್ನು ತೆಗೆದುಕೊಂಡು ಹೊರಗಿನ ಮೆಟ್ಟಿಲಿಗೆ ಬಂದಳು. ಒಡೆದಳು. ಸಣ್ಣ ಅಕ್ಷರಗಳ ಮೇಲೆ ಬೆರಳು ಇಟ್ಟು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಫೋನ್ ತೆಗೆದು ಅಪ್ಪನಿಗೆ ಮಾಡಿದಳು. ಒಂದೇ ರಿಂಗಿಗೆ ಎತ್ತಿದ. ಆದರೆ ಆ ಕಡೆಯಿಂದ ಮಾತಿಲ್ಲ, "ಹ್ಞಂ? ಹ್ಞಂ?" ಎನ್ನುವ ಸದ್ದು ಮಾತ್ರ.

"ಅಪ್ಪ, ಬಾಯಲ್ಲಿರೋದು ಮೊದಲು ಉಗುಳು."

ಉಗುಳಿದ ಸದ್ದು ಕೇಳಿಸಿತು. "ಉಗುಳಿದೆ. ಹೇಳೇ. ಎಷ್ಟು?"

ಕಪ್ಪೆ ಹಾಳೆಯನ್ನು ಕಣ್ಣ ಹತ್ತಿರ ತಂದುಕೊಂಡು, ಶಾಲೆಯಲ್ಲಿ ಓದುವ ಹಾಗೆ ಬಿಡಿಸಿ ಓದಿದಳು. ಹಿಮೋಗ್ಲೋಬಿನ್, ಡೆಸಿಲೀಟರಿಗೆ ಹನ್ನೆರಡು ಪಾಯಿಂಟ್ ಮೂರು ಗ್ರಾಂ.